ಬಿಚ್ಚಿ ಹರಡಿದಾಗ ಗಾಡಿ ಎಲ್ಲಿತ್ತು?

ಹಳೆಯ ಜಾವಾ ಬೈಕನ್ನು ಮನೆಯ ಹಿತ್ತಲಲ್ಲೇ ಬಿಚ್ಚಲು ಕೂತವರಿಗೆ ಮೊದಲ ದಿನಗಳೆಲ್ಲ ಹಬ್ಬ. ಟ್ಯಾಂಕು ಇಳಿಯುತ್ತದೆ, ಸೀಟು ಇಳಿಯುತ್ತದೆ, ಜೋಡಿ ಸೈಲೆನ್ಸರುಗಳು ಕಳಚಿಕೊಳ್ಳುತ್ತವೆ, ಎಂಜಿನ್ನು ಫ್ರೇಮಿನಿಂದ ಹೊರಬಂದು ಗೋಣಿಚೀಲದ ಮೇಲೆ ಕೂರುತ್ತದೆ. ನಟ್ಟು-ಬೋಲ್ಟುಗಳು ಐಸ್‌ಕ್ರೀಮ್ ಡಬ್ಬಿ ಸೇರುತ್ತವೆ, ಸ್ಪ್ರಿಂಗು-ವಾಷರುಗಳು ಮೊಟ್ಟೆ ಟ್ರೇ ಸೇರುತ್ತವೆ, ಯಾವುದು ಎಲ್ಲಿತ್ತು ಎಂಬ ಲೆಕ್ಕ ಮೊಬೈಲಿನ ಫೋಟೊಗಳಲ್ಲಿ ಉಳಿಯುತ್ತದೆ. ಆ ಹೊತ್ತಿಗೆ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಇಣುಕಿ, 'ಎಲ್ರೀ ನಿಮ್ ಜಾವಾ?' ಎಂದು ಕೇಳಿದರೆ ಏನು ಹೇಳಬೇಕು? ಒಂದು ಸ್ಕ್ರೂ ಕೂಡ ಮನೆ ಬಿಟ್ಟು ಹೋಗಿಲ್ಲ. ಆದರೆ ತೋರಿಸೋಣವೆಂದರೆ ಬೈಕಿಲ್ಲ.

ಈ ಪ್ರಶ್ನೆಯ ಮೇಲೆ ಭಾರತೀಯ ದರ್ಶನಗಳು ಶತಮಾನಗಟ್ಟಲೆ ಜಗಳವಾಡಿವೆ. ಅವು ಆರಿಸಿಕೊಂಡ ಉದಾಹರಣೆಗಳಲ್ಲಿ ಬಹಳ ಹೆಸರಾದದ್ದೂ ಗಾಡಿಯೇ.

ಕ್ರಿ.ಪೂ. 2ನೇ ಶತಮಾನದಲ್ಲಿ ಸಾಗಲ ನಗರದಿಂದ ಆಳಿದ ಗ್ರೀಕ್ ದೊರೆ ಮಿನಾಂಡರ್, ಪಾಳಿ ಗ್ರಂಥ 'ಮಿಲಿಂದಪನ್ಹ'ದಲ್ಲಿ ಮಿಲಿಂದನಾಗಿ ಬರುತ್ತಾನೆ. ಮನುಷ್ಯನೊಳಗೆ ಸ್ಥಿರವಾದ 'ನಾನು' ಎಂಬುದಿಲ್ಲ ಎಂಬ ಮಾತನ್ನು ಒಪ್ಪದ ಅರಸನಿಗೆ ಭಿಕ್ಷು ನಾಗಸೇನ ಮರುಪ್ರಶ್ನೆ ಹಾಕುತ್ತಾನೆ. ಅರಸರು ನಡೆದು ಬಂದಿರೋ, ರಥದಲ್ಲಿ ಬಂದಿರೋ? ರಥದಲ್ಲಾದರೆ, ಯಾವುದು ರಥ? ಮೂಕಿಯೇ? ಅಚ್ಚೇ? ಗಾಲಿಯೇ? ನೊಗವೇ? ಒಂದೊಂದಕ್ಕೂ ಮಿಲಿಂದ ಅಲ್ಲವೆನ್ನುತ್ತಾನೆ. ಇವನ್ನೆಲ್ಲ ಬಿಟ್ಟು ಬೇರೇನಾದರೂ ರಥವೇ ಎಂದರೆ ಅದೂ ಅಲ್ಲ. ಕಡೆಗೆ ಅರಸನೇ ಒಪ್ಪುತ್ತಾನೆ: ಈ ಭಾಗಗಳನ್ನು ಆಶ್ರಯಿಸಿ ಬಳಕೆಗೆ ಬಂದ ಹೆಸರಷ್ಟೇ ರಥ. ನಾಗಸೇನ ಎಂಬ ಹೆಸರೂ ಹಾಗೆಯೇ ಎಂದು ಭಿಕ್ಷು ಮಾತು ಮುಗಿಸುತ್ತಾನೆ.

ಸುಮಾರು ಏಳೆಂಟು ಶತಮಾನಗಳ ಬಳಿಕ ಮಾಧ್ಯಮಿಕ ಪಂಥದ ಬೌದ್ಧ ಆಚಾರ್ಯ ಚಂದ್ರಕೀರ್ತಿ ಇದೇ ರಥವನ್ನು ಮತ್ತೆ ಬಿಚ್ಚಿದ. 'ಮಧ್ಯಮಕಾವತಾರ'ದಲ್ಲಿ ಅವನು ಏಳು ಕಡೆ ರಥವನ್ನು ಹುಡುಕುತ್ತಾನೆ. ಭಾಗಗಳೇ ರಥವೋ, ಭಾಗಗಳಿಂದ ಬೇರೆಯೋ, ಭಾಗಗಳನ್ನು ಹೊಂದಿರುವುದೋ, ಭಾಗಗಳಲ್ಲಿರುವುದೋ, ಭಾಗಗಳು ಅದರಲ್ಲಿವೆಯೋ, ಭಾಗಗಳ ಗುಂಪೋ, ಆಕಾರವೋ? ಇವುಗಳಲ್ಲಿ ಆರನೆಯದು ಹಿತ್ತಲಿನ ಗೋಣಿಚೀಲಕ್ಕೆ ನೇರವಾಗಿ ತಾಗುತ್ತದೆ. ಬಿಡಿಭಾಗಗಳ ಗುಂಪೇ ರಥವಾಗಿದ್ದರೆ, ಚೆಲ್ಲಾಪಿಲ್ಲಿ ಬಿದ್ದ ತುಂಡುಗಳಲ್ಲೂ ರಥ ಇರಬೇಕಿತ್ತಲ್ಲ ಎನ್ನುತ್ತಾನೆ ಚಂದ್ರಕೀರ್ತಿ. ಹಾಗಾದರೆ ಆಕಾರವೇ ರಥ ಎನ್ನೋಣವೆಂದರೆ ಅದಕ್ಕೂ ಅವನ ತಕರಾರಿದೆ. ಗಾಲಿಯ ಆಕಾರ ಬಿಚ್ಚಿದಾಗ ಹೇಗಿತ್ತೋ ಜೋಡಿಸಿದಾಗಲೂ ಹಾಗೇ ಇದೆ. ಆಗ ಇಲ್ಲದ ರಥ ಈಗ ಎಲ್ಲಿಂದ ಬಂತು?

ಇದಕ್ಕೆ ಗಟ್ಟಿಯಾಗಿ ಎದುರು ನಿಂತವರು ನ್ಯಾಯದರ್ಶನದವರು, ಅಂದರೆ ನೈಯಾಯಿಕರು. ಅವರ ಪ್ರಕಾರ ಭಾಗಗಳು ಅವಯವಗಳು. ಅವು ಕೂಡಿದಾಗ ಅವಯವಿ ಎಂಬ ಹೊಸ ವಸ್ತು ನಿಜವಾಗಿಯೂ ಹುಟ್ಟುತ್ತದೆ. ಅದು ಬರೀ ಹೆಸರಲ್ಲ. ಗೌತಮನ ನ್ಯಾಯಸೂತ್ರಗಳು ಕೊಡುವ ಕಾರಣಗಳಲ್ಲಿ ಒಂದು ಯಾವ ಗ್ಯಾರೇಜಿನಲ್ಲೂ ಸಲ್ಲುವಂಥದ್ದು: ಹಿಡಿಯುವುದು ಮತ್ತು ಎಳೆಯುವುದು. ಹ್ಯಾಂಡಲ್ ಹಿಡಿದು ಎಳೆದರೆ ಇಡೀ ಬೈಕು ಬರುತ್ತದೆ. ರಾಶಿಯಿಂದ ಒಂದು ಮಡ್‌ಗಾರ್ಡ್ ಹಿಡಿದು ಎಳೆದರೆ ಮಡ್‌ಗಾರ್ಡ್ ಮಾತ್ರ ಬರುತ್ತದೆ. ಒಂದು ತುದಿ ಹಿಡಿದರೆ ಇಡಿಯಾಗಿ ಬರುವುದೊಂದು ಇರುವುದರಿಂದಲೇ ಇದು ಸಾಧ್ಯ ಎಂಬುದು ವಾದ.

ಎದುರಾಳಿಗಳು ತಕ್ಕಡಿ ತಂದರು. ಭಾಗಗಳ ಜೊತೆಗೆ ಇನ್ನೊಂದು ವಸ್ತು ಹುಟ್ಟುವುದಾದರೆ ಜೋಡಿಸಿದ ಮೇಲೆ ತೂಕ ಹೆಚ್ಚಬೇಡವೇ? ಈ ಆಕ್ಷೇಪವನ್ನು ನೈಯಾಯಿಕರು ತಮ್ಮ ಗ್ರಂಥಗಳಲ್ಲೇ ಎತ್ತಿಕೊಂಡು ಚರ್ಚಿಸಿದ್ದಾರೆ. ಅದಕ್ಕಿಂತ ಮೆಚ್ಚಬೇಕಾದ್ದು ಭಾಷ್ಯಕಾರ ವಾತ್ಸ್ಯಾಯನನ ನಡೆ. ಎಳೆದರೆ ಬರುತ್ತದೆ ಎಂಬ ತನ್ನದೇ ಪಕ್ಷದ ವಾದ ಸಾಲದು ಎಂದು ಅವನು ಬರೆದ. ಹುಲ್ಲು, ಕಲ್ಲು, ಕಟ್ಟಿಗೆಗಳನ್ನು ಅರಗಿನಿಂದ ಅಂಟಿಸಿ ಎಳೆದರೂ ಒಟ್ಟಿಗೇ ಬರುತ್ತವೆ; ಅದನ್ನು ಹೊಸದೊಂದು ವಸ್ತು ಎನ್ನಲಾಗುತ್ತದೆಯೇ? ಅರಗಿನ ಬದಲು ಎಂ-ಸೀಲ್ ಹಾಕಿ, ಬೈಂಡಿಂಗ್ ವೈರ್ ಸುತ್ತಿ ನಿಲ್ಲಿಸಿದ ಹಳೇ ಬೈಕುಗಳನ್ನು ಕಂಡವರಿಗೆ ವಾತ್ಸ್ಯಾಯನನ ಅನುಮಾನ ಚೆನ್ನಾಗಿ ಅರ್ಥವಾಗುತ್ತದೆ. ಅವೂ ಎಳೆದರೆ ಬರುತ್ತವೆ.

ಹಾಗಾದರೆ ಅಂಟಿಸುವುದಕ್ಕೂ ಜೋಡಿಸುವುದಕ್ಕೂ ಏನು ವ್ಯತ್ಯಾಸ? ಚೈನ್ ಲಾಕ್ ಎಂಬ ಚಿಕ್ಕ ತುಣುಕನ್ನು ನೋಡಬಹುದು. ಹಿಂದಿನ ಚಕ್ರ ತಿರುಗಿಸುವ ಚೈನಿನ ಎರಡು ತುದಿಗಳನ್ನು ಕೂಡಿಸುವ ಕೊಂಡಿಗೆ ಉಕ್ಕಿನದೊಂದು ತೆಳು ಕ್ಲಿಪ್ಪು ಇರುತ್ತದೆ. ಅದರ ಒಂದು ಕಡೆ ಮುಚ್ಚಿದೆ, ಇನ್ನೊಂದು ಕಡೆ ಸೀಳಿದೆ. ಮುಚ್ಚಿದ ಕಡೆ ಚೈನು ಓಡುವ ದಿಕ್ಕಿಗೆ ಇರಬೇಕು. ತಿರುವು ಮುರುವಾಗಿ ಹಾಕಿದರೂ ಕ್ಲಿಪ್ಪು ಕೂರುತ್ತದೆ, ಚೈನು ತಿರುಗುತ್ತದೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಓಡುವಾಗ ಸೀಳಿದ ಬಾಯಿಗೆ ಏನಾದರೂ ತಗುಲಿದರೆ ಕ್ಲಿಪ್ಪು ಹಾರಿ, ಚೈನು ಬಿಚ್ಚಿಕೊಳ್ಳುತ್ತದೆ. ಎರಡೂ ಬಾರಿ ಅದೇ ಕ್ಲಿಪ್ಪು, ಅದೇ ಜಾಗ, ಅದೇ ಆಕಾರ. ಬೇರೆಯಾದದ್ದು ಮುಖ ಮಾಡಿದ ದಿಕ್ಕು ಮಾತ್ರ. ಪಿಸ್ಟನ್ನಿನ ಕಥೆಯೂ ಇದೇ. ಟೂ-ಸ್ಟ್ರೋಕ್ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲಿ ಹೊಗೆ ಹೋಗಲು, ಪೆಟ್ರೋಲು-ಗಾಳಿ ಬರಲು ಕಿಂಡಿಗಳಿವೆ. ಪಿಸ್ಟನ್ನಿನ ತೋಡಿನಲ್ಲಿ ಕೂರುವ ರಿಂಗು ಸುತ್ತ ತಿರುಗಿ ಅದರ ತುದಿ ಕಿಂಡಿಗೆ ಸಿಕ್ಕಿಕೊಳ್ಳದಿರಲೆಂದು ಅಲ್ಲೊಂದು ಪುಟ್ಟ ಪಿನ್ನು ಇಟ್ಟಿರುತ್ತಾರೆ. ರಿಂಗಿನ ಬಾಯಿ ಆ ಪಿನ್ನಿನ ಮೇಲೇ ಕೂರಬೇಕು. ಕೂರದಿದ್ದರೆ ರಿಂಗು ಮುರಿದು ಸಿಲಿಂಡರಿಗೆ ಗೀರು ಬೀಳುತ್ತದೆ.

ಜಾವಾದಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆಯೊಂದಿದೆ. ಅದರ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕರ್. ಎಂಜಿನ್ ಶುರುವಾದ ಮೇಲೆ ಮುಂದಕ್ಕೆ ತಂದರೆ ಅದೇ ಗೇರ್ ಲಿವರ್. ಬೈಕಿನಿಂದ ಕಳಚಿ ಕೈಯಲ್ಲಿ ಹಿಡಿದರೆ ಅದು ಕಿಕ್ಕರೂ ಅಲ್ಲ, ಗೇರೂ ಅಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹಾಕಿದರೆ ಕಿಲೋ ಲೆಕ್ಕದ ಕಬ್ಬಿಣ. ಭಾಗಗಳಿಂದ ಇಡೀ ವಸ್ತು ಆಗುತ್ತದೆ ಎಂಬುದು ಅರ್ಧ ಸತ್ಯ. ಇಡೀ ವಸ್ತುವಿನಲ್ಲಿ ಸೇರಿದಾಗಲೇ ಭಾಗವೂ ಭಾಗವಾಗುವುದು. ಅವಯವಿ ಇಲ್ಲದಿದ್ದರೆ ಅವಯವವೂ ಇಲ್ಲ ಎಂಬ ತೀರ್ಮಾನಕ್ಕೆ ಚಂದ್ರಕೀರ್ತಿ ಬಂದದ್ದು ಈ ದಾರಿಯಲ್ಲೇ. ಹಾಗೆಂದು ಲೋಕವ್ಯವಹಾರದ ರಥವನ್ನು ಅವನು ಕೈಬಿಡುವುದಿಲ್ಲ. ಜನ 'ರಥ ತಾ' ಎಂದರೆ ರಥವನ್ನೇ ತರಬೇಕು.

ಇಷ್ಟು ಹೊತ್ತು ಒಂದು ಭಾಗವೂ ಬದಲಾಗಿಲ್ಲ ಎಂದುಕೊಂಡದ್ದಾಯಿತು. ನಿಜದಲ್ಲಿ ಹಾಗಾಗುವುದಿಲ್ಲ. ರುಸ್ತುಂ ಇರಾನಿ ಮತ್ತು ಫರೋಕ್ ಇರಾನಿ ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಬೈಕು ತಯಾರಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂತಾದರೂ ಬೇರೆ ಕಂಪನಿ, ಬೇರೆ ಊರು, 293 ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್ನು. ಹಾಗಾಗಿ ಹಳೆಯ ಬೈಕಿಗೆ ಬೇಕಾದ ಸಾಮಾನು ಅಂಗಡಿಗಳ ಅಟ್ಟದಲ್ಲಿ ಉಳಿದ ಹಳೇ ಸ್ಟಾಕು, ಗುಜರಿಯಲ್ಲಿ ಸಿಕ್ಕ ಇನ್ನೊಂದು ಬೈಕಿನ ಕಳಚು, ಇಲ್ಲವೇ ನಕಲು. ಕ್ಲಚ್ ಪ್ಲೇಟು, ಆಯಿಲ್ ಸೀಲು, ಬೇರಿಂಗು ಯಾವುವೂ ಮೂಲದವಾಗಿ ಉಳಿಯುವುದಿಲ್ಲ. ಉಳಿದ ಭಾಗವೂ ಉಳಿದ ಹಾಗೇ ಇರುವುದಿಲ್ಲ. ಜಾವಾ 250ರ ಸಿಲಿಂಡರಿನ ಅಡ್ಡಳತೆ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ.; ಲೆಕ್ಕ ಹಾಕಿದರೆ ಸುಮಾರು 249 ಸಿಸಿ. ಸವೆದ ಸಿಲಿಂಡರಿಗೆ ಲೇತಿನ ಅಂಗಡಿಯಲ್ಲಿ ಬೋರ್ ಹೊಡೆಸುತ್ತ ಹೋಗಿ ಅಡ್ಡಳತೆ ಒಂದು ಮಿ.ಮೀ. ಹೆಚ್ಚಿದರೆ ಅದು ಸುಮಾರು 257 ಸಿಸಿ ಆಗುತ್ತದೆ. ಆರ್‌ಸಿ ಪುಸ್ತಕದಲ್ಲಿ ಮಾತ್ರ ಹಳೆಯ ಅಂಕಿಯೇ.

ಪಶ್ಚಿಮದಲ್ಲಿ ಇಂಥ ಬದಲಾವಣೆಯ ಪ್ರಶ್ನೆಗೆ ಥೀಸಿಯಸ್ಸನ ಹಡಗು ಎಂಬ ಹೆಸರಿದೆ. ಅಥೆನ್ಸಿನವರು ಆ ಹಡಗಿನ ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸಿ ಕಾಪಾಡಿದರೆಂದೂ ಅದು ಅದೇ ಹಡಗೋ ಅಲ್ಲವೋ ಎಂದು ದಾರ್ಶನಿಕರು ಎರಡು ಪಕ್ಷವಾದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ಇದಕ್ಕೆ ಗುಜರಿಯವನನ್ನು ಸೇರಿಸಿದವನು ಇಂಗ್ಲೆಂಡಿನ ಥಾಮಸ್ ಹಾಬ್ಸ್. ತೆಗೆದೆಸೆದ ಹಳೇ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು, ಅದೇ ಕ್ರಮದಲ್ಲಿ ಜೋಡಿಸಿ ಇನ್ನೊಂದು ಹಡಗು ಮಾಡಿದರೆ ಯಾವುದು ಥೀಸಿಯಸ್ಸನದು ಎಂದು 1655ರ 'ದೆ ಕಾರ್ಪೊರೆ'ಯಲ್ಲಿ ಕೇಳಿದ.

ಈ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಬಂತು. ವ್ಯಾಜ್ಯಕ್ಕೆ ಕಾರಣ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ 24 ತಾಸಿನ ರೇಸನ್ನು ಗೆದ್ದ ಹೆಸರು ಅದರದು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸಿನಲ್ಲಿ ಅಪಘಾತವಾಗಿ ಚಾಲಕ ಸತ್ತ. ಕಾರನ್ನು ಮತ್ತೆ ಕಟ್ಟಿದರು. ಹಲವು ದಶಕಗಳ ನಂತರ ಒಂದು ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾದಾಗ, ಇದು ಆ ಕಾರೇ ಅಲ್ಲ ಎಂದು ಕೊಳ್ಳುವವರು ಹಿಂದೆ ಸರಿದರು. ನ್ಯಾಯಮೂರ್ತಿ ಆಟನ್ ಕಾರಿನ ಒಂದೊಂದು ಭಾಗದ ಜಾತಕವನ್ನೂ ಕೇಳಿಸಿಕೊಂಡರು. 1929ರ ಕಾರಿನದೆಂದು ಖಚಿತವಾಗಿ ಹೇಳಬಹುದಾದ್ದು ಬಹುತೇಕ ಏನೂ ಉಳಿದಿರಲಿಲ್ಲ. 1930ರ ಕಾರಿನಿಂದ ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಕವಚ, ಸ್ಟೀರಿಂಗ್ ಕಂಬ ಇಷ್ಟೇ ಉಳಿದಿದ್ದವು. ಹಾಗಿದ್ದೂ ಅವರು ಮಾರುವವರ ಪರ ತೀರ್ಪು ಕೊಟ್ಟರು. ಇದನ್ನು ಲ ಮಾನ್ ಗೆದ್ದ ಮೂಲ ಕಾರು ಎನ್ನಲಾಗದು. ಆದರೆ ಅಲ್ಲಿಂದ ಇಲ್ಲಿಯವರೆಗೆ ಅದು ಎಲ್ಲೂ ಕಳೆದುಹೋಗದೆ ಹಂತಹಂತವಾಗಿ ಬದಲಾಗುತ್ತ ಬಂದಿದೆ, ಆ ಹೆಸರಿಗೆ ಹಕ್ಕು ಹೇಳುವ ಬೇರೊಂದು ಕಾರೂ ಇಲ್ಲ. ಹಾಗಾಗಿ ಇದೇ ಅಸಲಿ ಓಲ್ಡ್ ನಂಬರ್ ಒನ್.

ಆಟನ್ ಅವರ ತೀರ್ಪು ನಿಂತಿರುವುದು ಕಡಿಯದ ಚರಿತ್ರೆಯ ಮೇಲೆ. ಹಿತ್ತಲಿನ ಜಾವಾಕ್ಕೆ ಆ ಅನುಕೂಲವಿಲ್ಲ. ಅದು ತಿಂಗಳುಗಟ್ಟಲೆ, ಕೆಲವರ ಮನೆಯಲ್ಲಿ ವರ್ಷಗಟ್ಟಲೆ, ಬೈಕಾಗಿಯೇ ಇರುವುದಿಲ್ಲ. ಹಡಗಿನ ಹಲಗೆ ಬದಲಿಸುವಾಗ ಹಡಗು ಬಂದರಿನಲ್ಲೇ ನಿಂತಿತ್ತು. ಇಲ್ಲಿ ನಡುವೆ ದೊಡ್ಡದೊಂದು ಖಾಲಿ ಇದೆ. ಈ ಖಾಲಿಯನ್ನು ದಾಟುವುದು ಹೇಗೆಂದು ಗಂಭೀರವಾಗಿ ಯೋಚಿಸಿದವರು ದೇವಸ್ಥಾನದವರು.

ಗರ್ಭಗುಡಿಯ ಜೀರ್ಣೋದ್ಧಾರವೆಂದರೆ ಆಗಮಗಳ ಪ್ರಕಾರ ಕಲ್ಲು ಕೀಳುವ ಮೊದಲೇ ಮಾಡಬೇಕಾದ ಕೆಲಸವಿದೆ. ಮೂರ್ತಿಯಲ್ಲಿರುವ ಶಕ್ತಿಯನ್ನು ಕಲಾಕರ್ಷಣದ ಮೂಲಕ ಕಲಶಕ್ಕೆ ಕರೆದು, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಇರಿಸಿ, ಅಲ್ಲೇ ಪೂಜೆ ನಡೆಸುತ್ತಾರೆ. ಕೆಲಸ ಮುಗಿದ ಮೇಲೆ ಪುನಃಪ್ರತಿಷ್ಠೆ, ಕುಂಭಾಭಿಷೇಕ. ಗುಡಿ ಬಿಚ್ಚಿದ್ದಾಗ ದೇವರು ಎಲ್ಲಿದ್ದರು ಎಂಬ ಪ್ರಶ್ನೆಗೆ ಕೈ ತೋರಿಸಿ ಹೇಳಬಹುದಾದ ಉತ್ತರವಿದೆ. ಪುರಿಯ ಜಗನ್ನಾಥನಲ್ಲಿ ಮೂರ್ತಿಯೇ ಬದಲಾಗುತ್ತದೆ. ಅಧಿಕ ಆಷಾಢ ಬಂದ ವರ್ಷ ನಡೆಯುವ ನವಕಳೇಬರದಲ್ಲಿ ಹೊಸ ಬೇವಿನ ಮರದಿಂದ ಮೂರ್ತಿಗಳನ್ನು ಕಡೆಯುತ್ತಾರೆ. 1996ರ ನಂತರ ಅದು ನಡೆದದ್ದು 2015ರಲ್ಲಿ. ದೈತಾಪತಿ ಸೇವಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೈಗೂ ಬಟ್ಟೆ ಸುತ್ತಿಕೊಂಡು, ಬ್ರಹ್ಮಪದಾರ್ಥವನ್ನು ಹಳೆಯ ಮೂರ್ತಿಯಿಂದ ಹೊಸದಕ್ಕೆ ಸಾಗಿಸುತ್ತಾರೆ. ಹಳೆಯವನ್ನು ಕೊಯಿಲಿ ವೈಕುಂಠದಲ್ಲಿ ಹೂಳುತ್ತಾರೆ. ಭಕ್ತರು ದರ್ಶನಕ್ಕೆ ಬರುವುದು ಅದೇ ಜಗನ್ನಾಥನನ್ನು ನೋಡಲು.

ಸರ್ಕಾರದ ವ್ಯವಸ್ಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಕಾನೂನಿನ ಕಣ್ಣಿಗೆ ಜಾವಾ ಎಂದರೆ ಚಾಸಿಯ ಮೇಲೆ ಗುದ್ದಿದ ನಂಬರು ಮತ್ತು ಆ ನಂಬರು ಬರೆದಿರುವ ಆರ್‌ಸಿ ಪುಸ್ತಕ. ಟ್ಯಾಂಕು, ಸೀಟು, ಚಕ್ರ ಎಲ್ಲ ಬದಲಾದರೂ ಚಾಸಿ ನಂಬರು ಇರುವವರೆಗೆ ಗಾಡಿ ಅದೇ. ಅದನ್ನು ಉಜ್ಜಿ ಅಳಿಸಿದರೆ ಉಳಿದೆಲ್ಲ ಮೂಲದ್ದಾಗಿದ್ದರೂ ಪೊಲೀಸು ಕೇಸು. ಬೈಕು ಬಿಚ್ಚಿ ಹರಡಿದ್ದ ತಿಂಗಳುಗಳಲ್ಲಿ ಆರ್‌ಟಿಓ ಕಡತದ ಮಟ್ಟಿಗೆ ಅದಕ್ಕೆ ಏನೂ ಆಗಿರುವುದಿಲ್ಲ. ಪಕ್ಕದ ಮನೆಯವರ ಪ್ರಶ್ನೆಗೆ ಕಾನೂನಿನ ಉತ್ತರ ಕೊಡುವುದಾದರೆ, ಜಾವಾ ಆಗ ಬೀರುವಿನಲ್ಲಿತ್ತು.

ನೈಯಾಯಿಕರ ಉತ್ತರ ಇಷ್ಟು ಮೃದುವಲ್ಲ. ಬಟ್ಟೆ ಹುಟ್ಟಲು ಅವರು ಮೂರು ಬಗೆಯ ಕಾರಣ ಹೇಳುತ್ತಾರೆ. ನೂಲು ಸಮವಾಯಿ ಕಾರಣ, ನೂಲುಗಳ ಸಂಯೋಗ ಅಸಮವಾಯಿ ಕಾರಣ, ನೇಕಾರ ಮತ್ತು ಮಗ್ಗ ನಿಮಿತ್ತ ಕಾರಣ. ನೇಕಾರ ಎದ್ದು ಹೋದರೂ ಬಟ್ಟೆಗೆ ತೊಂದರೆಯಿಲ್ಲ. ಸಂಯೋಗ ಬಿಚ್ಚಿದರೆ, ನೂಲೆಲ್ಲ ಅಲ್ಲೇ ಇದ್ದರೂ, ಬಟ್ಟೆ ನಾಶವಾಯಿತು. ಅಂದರೆ ಗೋಣಿಚೀಲದ ಮೇಲೆ ಹರಡಿದ ದಿನ ಜಾವಾ ಸತ್ತಿತು. ಜೋಡಿಸಿದ ದಿನ ಹುಟ್ಟಿದ್ದು ಬೇರೆ ಬೈಕು. 'ಇದು ಅಪ್ಪನ ಗಾಡಿ' ಎಂದು ಗುರುತಿಸುವುದು ಹೋಲಿಕೆಯಿಂದ ಬಂದ ಭಾವನೆ. ಕೇಳಲು ಕಹಿಯಾದರೂ ಈ ಮಾತಿನಲ್ಲಿ ರಿಸ್ಟೊರೇಷನ್ ಲೋಕಕ್ಕೆ ಬೇಕಾದ ಎಚ್ಚರವಿದೆ. ಅಲ್ಲಿ ಬೆಲೆ ಕಟ್ಟುವುದು ಎಷ್ಟು ಭಾಗ ಒರಿಜಿನಲ್ ಎಂಬ ಎಣಿಕೆಯಿಂದ. ಆದರೆ ಬಿಚ್ಚಿ ಹರಡಿದ ರಾಶಿ ಹಂಡ್ರೆಡ್ ಪರ್ಸೆಂಟ್ ಒರಿಜಿನಲ್. ಕಾಣೆಯಾಗಿರುವುದು ಸಂಯೋಗ ಒಂದೇ. ಕಾರ್ಖಾನೆಯ ಕೈ ಮಾಡಿದ್ದ ಸಂಯೋಗ ಹೋಗಿದೆ, ಅದು ಯಾವ ಗುಜರಿಯಲ್ಲೂ ಸಿಗುವುದಿಲ್ಲ. ಮನೆಯಲ್ಲಿ ಜೋಡಿಸಿದವರು ಬೈಕಿನೊಳಗೆ ಬಿಡುವ ಸ್ವಂತದ್ದೆಂದರೆ ಅದೊಂದೇ, ಮತ್ತು ಎಣಿಕೆಯ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಬೇರೆ ಬೈಕೇ ಹುಟ್ಟಿತೆಂದರೆ ಹಳೆಯದರ ಸಾಲ-ಸೋಲ ಯಾರ ತಲೆಗೆ? ಇದಕ್ಕೆ 'ಮಿಲಿಂದಪನ್ಹ'ದಲ್ಲೇ ಮಾವಿನ ಕಳ್ಳನೊಬ್ಬ ಬರುತ್ತಾನೆ. ನೀನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ, ಹಾಗಾಗಿ ನಾನು ಕಳ್ಳನಲ್ಲ ಎಂಬುದು ಅವನ ವಾದ. ನಡೆಯುವುದಿಲ್ಲ ಎನ್ನುತ್ತಾನೆ ನಾಗಸೇನ. ಇದು ಅದಲ್ಲ, ಆದರೆ ಅದರಿಂದಲೇ ಬಂದದ್ದು. ಸ್ಥಿರವಾದ ತಿರುಳನ್ನು ಒಪ್ಪದೆಯೂ ಹೊಣೆಯನ್ನು ಉಳಿಸಿಕೊಳ್ಳುವ ದಾರಿ ಇದು. ಬಿಚ್ಚುವ ಮೊದಲು ಬಿದ್ದಿದ್ದ ದಂಡ ಜೋಡಿಸಿದ ಮೇಲೂ ಆ ನಂಬರಿಗೇ ಅಂಟಿರುತ್ತದೆ. 'ಅಪ್ಪನ ಗಾಡಿ' ಎಂಬ ಮಾತನ್ನು ಭಾಗಗಳ ಸಾಕ್ಷಿಯಿಂದ ಕಾಪಾಡಲಾಗದು. ಅದರಿಂದ ಬಂದ ಹೊಣೆಯನ್ನು ಹೊತ್ತವರು ಆಡಬಹುದು.

ಜೈನ ಆಚಾರ್ಯ ಸಮಂತಭದ್ರ, ಶ್ರವಣಬೆಳಗೊಳದ ಶಾಸನಗಳು ಕೊಂಡಾಡುವ ತಾರ್ಕಿಕ, 'ಆಪ್ತಮೀಮಾಂಸೆ'ಯಲ್ಲಿ ಮೂವರನ್ನು ತರುತ್ತಾನೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಹುಟ್ಟು, ಅಳಿವು, ಇರವು ಮೂರೂ ಒಂದೇ ವಸ್ತುವಿನಲ್ಲಿ ಒಟ್ಟಿಗೇ ಇವೆ ಎಂಬುದಕ್ಕೆ ಮೂವರ ಮನಸ್ಸೇ ಸಾಕ್ಷಿ. ಹೊಸದಾಗಿ ಮರೂನ್ ಬಣ್ಣ ಬಳಿದು ಚಿನ್ನದ ಗೆರೆ ಎಳೆದ ಜಾವಾದ ಮುಂದೆಯೂ ಮೂವರು ನಿಲ್ಲುತ್ತಾರೆ. ಕಾರ್ಖಾನೆಯ ಬಣ್ಣ ಹೋಯಿತಲ್ಲ ಎಂದು ಸಂಗ್ರಾಹಕ ಮರುಗುತ್ತಾನೆ, ಓಡಿಸುವವನು ಕಿಕ್ ಹೊಡೆದು ನಗುತ್ತಾನೆ, ಗುಜರಿಯವನು ತೂಕ ಅಷ್ಟೇ ಇದೆಯಲ್ಲ ಎಂದು ಬೀಡಿ ಹಚ್ಚುತ್ತಾನೆ. ಮೂವರೂ ಸುಳ್ಳಾಡುತ್ತಿಲ್ಲ. ಯಾವುದಕ್ಕಾಗಿ ಕೇಳುತ್ತಿದ್ದೇನೆ ಎಂದು ಹೇಳದೆ 'ಇದು ಅದೇನಾ' ಎಂದು ಕೇಳುವವನ ಪ್ರಶ್ನೆಯೇ ಅಪೂರ್ಣ.

ಭಾರತ ಸರ್ಕಾರ 2021ರ ಜುಲೈನಲ್ಲಿ ಈ ಪ್ರಶ್ನೆಯನ್ನು ಅರ್ಜಿ ನಮೂನೆಗೆ ಇಳಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಭಾರಿ ಮಾರ್ಪಾಡಾಗದ ಗಾಡಿಗಳಿಗೆ ವಿಂಟೇಜ್ ಎಂಬ ಮಾನ್ಯತೆ. ನಂಬರಿನಲ್ಲಿ 'ವಿಎ' ಎಂಬ ಎರಡು ಅಕ್ಷರ. ಬೋರ್ ಹೊಡೆಸಿದ್ದು ಭಾರಿ ಮಾರ್ಪಾಡೋ, ಮಾಮೂಲಿ ರಿಪೇರಿಯೋ ಎಂಬುದನ್ನು ಇನ್ನು ಗೌತಮನಾಗಲಿ ಚಂದ್ರಕೀರ್ತಿಯಾಗಲಿ ಹೇಳಬೇಕಿಲ್ಲ, ಮುಂದೆ ಕೂತ ಅಧಿಕಾರಿಗಳು ಹೇಳಿದರಾಯಿತು. ಇದರ ಜೊತೆಗೊಂದು ಷರತ್ತಿದೆ. ಹೀಗೆ ಮಾನ್ಯತೆ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ವ್ಯಾಪಾರಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂಥವಕ್ಕೆ ಮಾತ್ರ ರಸ್ತೆಗಿಳಿಯಬೇಕು. ಬೌದ್ಧ ತಾರ್ಕಿಕ ಧರ್ಮಕೀರ್ತಿ 7ನೇ ಶತಮಾನದಲ್ಲಿ ಅರ್ಥಕ್ರಿಯೆಯನ್ನು, ಅಂದರೆ ತನ್ನ ಕೆಲಸ ಮಾಡುವ ಶಕ್ತಿಯನ್ನು, ನಿಜವಾಗಿ ಇರುವುದರ ಲಕ್ಷಣವೆಂದಿದ್ದ. ಸಂತೆಗೆ ಹೋಗಿ ತರಕಾರಿ ತರುವ, ಹಳೇ ನಂಬರಿನ, ಅರ್ಧ ನಕಲಿ ಸಾಮಾನಿನ ಜಾವಾ ಅವನ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. 20,000 ರೂಪಾಯಿ ಕಟ್ಟಿ ತಾನೇ ತಾನೆಂದು ಬರೆಸಿಕೊಂಡ ಜಾವಾ ಮುಂದಿನ ರ‍್ಯಾಲಿಗಾಗಿ ಕಾಯಬೇಕು. ಬರೆಸಿಕೊಂಡದ್ದಕ್ಕೂ ಅವಧಿಯಿದೆ: ಹತ್ತು ವರ್ಷ. ಆಮೇಲೆ 5,000 ರೂಪಾಯಿ ಕಟ್ಟಿ ಮತ್ತೊಮ್ಮೆ ಅದೇ ಗಾಡಿಯೆಂದು ನೋಂದಾಯಿಸಬೇಕು.